ಗೋಡೆಯ ಮೇಲೆ ಬರೆದ ದಶಮಿ

ಇಂಥ ವಿಷಯಗಳನ್ನು ಯಾರಾದರೂ ಹೇಳಲು ಕುಳಿತರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದವಳು ನಾನು. ನಮ್ಮ ತಂದೆ ಮಲ್ಲೇಶ್ವರದಲ್ಲಿ ಹೈಸ್ಕೂಲು ಮೇಷ್ಟರಾಗಿದ್ದರು. ದೆವ್ವ, ಶಕುನ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ನೀರು ಕೇಳುವುದು, ಇದ್ಯಾವುದನ್ನೂ ಅವರು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಹೊಟ್ಟೆ ಕೆಟ್ಟಿರಬೇಕು, ಶುಂಠಿ ಕಷಾಯ ಕುಡಿ ಎನ್ನುತ್ತಿದ್ದರು. ನಾನೂ ಅದನ್ನೇ ಕಲಿತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ತಪ್ಪು ತಿಳಿಯುವುದಿಲ್ಲ. ನಂಬಿ ಎಂದು ಬೇಡಿಕೊಳ್ಳುವುದೂ ಇಲ್ಲ. ನೀವು ನಂಬದಿದ್ದರೆ ನನಗೆ ನಷ್ಟವೇನೂ ಇಲ್ಲ, ಆಗಬೇಕಾದ ನಷ್ಟವೆಲ್ಲ ಯಾವತ್ತೋ ಆಗಿಹೋಗಿದೆ. ಇದಕ್ಕೆ ಸಂಬಂಧಪಟ್ಟವರು ಯಾರೂ ಈಗ ಉಳಿದಿಲ್ಲವಾದ್ದರಿಂದ ಬರೆಯುವ ಧೈರ್ಯ ಬಂದಿದೆ.

ನನ್ನನ್ನು ಮದುವೆ ಮಾಡಿಕೊಟ್ಟದ್ದು ಶಂಕರಪುರದ ಮನೆಗೆ. ಅತ್ತೆ, ಮಾವ, ಯಜಮಾನರು, ನಾನು, ಇಷ್ಟೇ ಜನ. ಮಾವ ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ ಪತ್ರಿಕೆ ಓದುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ಯಜಮಾನರ ಹೆಸರು ಶ್ರೀನಿವಾಸ, ಅತ್ತೆಗೆ ಸೀನ. ಒಬ್ಬನೇ ಮಗ. ಮದುವೆಯ ವರ್ಷ ತುಂಬುವುದರೊಳಗೆ ಅವರು ಸಿಂಗಪುರದ ಒಂದು ರಬ್ಬರ್ ಕಂಪನಿಯಲ್ಲಿ ಗುಮಾಸ್ತೆ ಕೆಲಸ ಹಿಡಿದು ಹೊರಟುಬಿಟ್ಟರು. ಮನೆ ಮಾಡಿ ಕರೆಸಿಕೊಳ್ಳುತ್ತೇನೆ ಎಂದಿದ್ದರು. ಆ ಮನೆ ಮಾಡುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಕಾಗದ ಬರುತ್ತಿದ್ದುದು ಮಾವನ ಹೆಸರಿಗೆ, ಕೊನೆಯ ಸಾಲಿನಲ್ಲಿ ನನ್ನ ಆರೋಗ್ಯದ ವಿಚಾರಣೆ. ಗಂಡ ಎಂದರೆ ನನಗೆ ಆಗ ಆ ಒಂದು ಸಾಲು, ಮತ್ತೆ ಕಿವಿಯಲ್ಲಿ ಉಳಿದಿದ್ದ ಅವರ ದನಿ. ಮಾತು ಶುರುಮಾಡುವ ಮುಂಚೆ ಸಣ್ಣಗೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಅವರದು, ಮಾತು ಸ್ವಲ್ಪ ಮೂಗಿನಿಂದ ಬರುತ್ತಿತ್ತು. ಬೀದಿಯ ತುದಿಯಲ್ಲಿ ಮಾತಾಡಿದರೂ ಅತ್ತೆ ಅಡುಗೆಮನೆಯಿಂದಲೇ ಗುರುತು ಹಿಡಿಯುತ್ತಿದ್ದರಂತೆ.

ನಮ್ಮ ಮನೆಗೆ ಮೇಲೊಂದು ಕೋಣೆ ಇತ್ತು, ಹೊರಗಿನಿಂದ ಬೇರೆ ಮೆಟ್ಟಿಲು. ಮಾವನ ಹಳೆಯ ಸ್ನೇಹಿತರೊಬ್ಬರು ಹೇಳಿದರೆಂದು ಅದನ್ನು ಮಾರ್ಕುಸ್ ಎಂಬ ಪರದೇಶದವರಿಗೆ ಕೊಟ್ಟಿದ್ದರು. ವಿಯೆನ್ನಾ ಊರಿನವರು, ಯೆಹೂದಿ. ಅಲ್ಲಿ ಅವರ ಜನರನ್ನು ಬೀದಿಯಲ್ಲಿ ಹಿಡಿದು ಹೊಡೆಯಲು ಶುರುಮಾಡಿದಾಗ ಓಡಿಬಂದವರು. ಯುದ್ಧ ಶುರುವಾದಾಗ, ಅವರು ಜರ್ಮನ್ ಮಾತಾಡುತ್ತಾರೆಂದು ಇಲ್ಲಿನ ನಮ್ಮ ಸರ್ಕಾರ ಅವರನ್ನೇ ಹಿಡಿದಿಟ್ಟುಕೊಂಡು ಆಮೇಲೆ ಬಿಟ್ಟಿತು. ಒಂದು ಔಷಧದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಹೆಂಡತಿ ಗ್ರೇಟೆ ತನ್ನ ಮುದಿ ತಾಯಿಯನ್ನು ಬಿಟ್ಟು ಬರಲಾರೆ ಎಂದು ಅಲ್ಲೇ ಉಳಿದಿದ್ದಳು. ಎರಡೇ ತಿಂಗಳು, ಆಮೇಲೆ ಬರುತ್ತೇನೆ ಎಂದಿದ್ದಳಂತೆ. ಆಮೇಲೆ ದಾರಿಗಳೆಲ್ಲ ಮುಚ್ಚಿಹೋದವು.

ಮಡಿ ಮೈಲಿಗೆ ನೋಡುವ ಅತ್ತೆ ಅಂಥವರನ್ನು ಹೇಗೆ ಒಪ್ಪಿದರು ಎಂದು ನೀವು ಕೇಳಬಹುದು. ನನಗೂ ಆಶ್ಚರ್ಯವಾಗಿತ್ತು. ಆದರೆ ಆ ಮನುಷ್ಯನ ಮಡಿ ಅತ್ತೆಯ ಮಡಿಗಿಂತ ಒಂದು ಕೈ ಮೇಲೆ. ಮಾಂಸ ತಿನ್ನುವ ಮನೆಯಲ್ಲಿ ಅವರಿಗೆ ಊಟ ಸೇರದು, ಬೇರೆಯವರ ಪಾತ್ರೆ ಮುಟ್ಟರು, ತಮ್ಮ ತಟ್ಟೆ ಲೋಟ ತಾವೇ ತೊಳೆದು ಬೇರೆ ಇಡುವವರು. ಇಬ್ಬರೂ ಒಬ್ಬರ ಪಾತ್ರೆಯನ್ನು ಒಬ್ಬರು ಮುಟ್ಟದೆ ಪರಮ ಸಂತೋಷದಿಂದ ಇದ್ದರು. ಮಾರ್ಕುಸ್ ಎನ್ನಲು ಬಾರದೆ ಅತ್ತೆ ಮಾರ್ಕಪ್ಪ ಎಂದು ಕರೆದರು, ಬೀದಿಗೆಲ್ಲ ಅದೇ ಹೆಸರಾಯಿತು. ಅವರಿಗೆ ಕನ್ನಡ ಎಂದರೆ ನೀರು, ಸಾಕು, ನಮಸ್ಕಾರ. ಅದೂ ನಾಲಿಗೆ ಸುಟ್ಟುಕೊಂಡವರ ಹಾಗೆ. ಮನೆಯ ಹೆಂಗಸರಲ್ಲಿ ಇಂಗ್ಲಿಷು ಬರುವವಳು ನಾನಾದ್ದರಿಂದ ಅತ್ತೆಗೂ ಅವರಿಗೂ ನಡುವೆ ದುಭಾಷಿ ಕೆಲಸ ನನ್ನದು.

ಅವರು ಬಂದ ಮೊದಲ ವರ್ಷ ಧನುರ್ಮಾಸದಲ್ಲಿ ನಡೆದದ್ದನ್ನು ಹೇಳಬೇಕು. ವೈಕುಂಠ ಏಕಾದಶಿಯ ಹಿಂದಿನ ದಿನ. ದಿನದಂತೆ ಎಲೆಯಲ್ಲಿ ಬಡಿಸಿ ನಾನು ಮೆಟ್ಟಿಲ ಮೇಲೆ ಇಟ್ಟ ಊಟ ಹಾಗೇ ಇತ್ತು. ವಿಚಾರಿಸಿದರೆ ಇವತ್ತು ಉಪವಾಸ ಎಂದರು. ಅತ್ತೆಗೆ ಜೀವ ತಡೆಯಲಿಲ್ಲ. “ಪಾಪ, ಆ ಮಾರ್ಕಪ್ಪನಿಗೆ ಯಾರೋ ತಪ್ಪು ಹೇಳಿದಾರೆ ಕಣೇ. ಏಕಾದಶಿ ನಾಳೆ. ಇವತ್ತೇ ಕೂತ್ಬಿಟ್ಟಿದಾನೆ. ನಾಳೆನೂ ಕೂತರೆ ಸತ್ತೇಹೋಗ್ತಾನೆ, ಹೋಗಿ ಹೇಳು,” ಎಂದು ನನ್ನನ್ನು ಓಡಿಸಿದರು. ನಾನು ಹೋಗಿ ಹೇಳಿದೆ. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಅವರದೂ ಚಂದ್ರನನ್ನು ನೋಡಿ ಎಣಿಸುವ ತಿಂಗಳು, ಅವರ ಹತ್ತನೆಯ ದಿನ ನಮ್ಮ ದಶಮಿಯ ಆಸುಪಾಸಿಗೆ ಬಂದು ಕೂರುತ್ತಿತ್ತು. ಯಾಕೆ ಆ ಉಪವಾಸ ಎಂದು ಅವತ್ತು ವಿವರವಾಗಿ ಹೇಳಿದರು.

ಸಾವಿರಾರು ವರ್ಷಗಳ ಹಿಂದೆ ಅವರ ಜನರಲ್ಲಿ ಕೆಲವರನ್ನು ಶತ್ರು ರಾಜನೊಬ್ಬ ಸೆರೆಹಿಡಿದು ತನ್ನ ದೇಶಕ್ಕೆ ಸಾಗಿಸಿದ್ದ. ಹಾಗೆ ಹೋದವರಲ್ಲಿ ಒಬ್ಬ ಪ್ರವಾದಿ. ಪ್ರವಾದಿ ಎಂದರೆ ದೇವರು ಮಾತಾಡಲು ಬಾಯಿ ಎರವಲು ಪಡೆದ ಮನುಷ್ಯ ಎಂದು ಅವರು ಅರ್ಥ ಹೇಳಿದರು. ಪರದೇಶದಲ್ಲಿ ಕಾಲುವೆಯ ದಂಡೆಯ ಮೇಲೆ ಅವನ ವಾಸ. ಒಂದು ದಿನ ದೇವರು ಅವನಿಗೆ, ಈ ದಿನ ಯಾವುದೆಂದು ಬರೆದಿಡು, ಇವತ್ತು ನಿನ್ನ ಊರಿಗೆ ಮುತ್ತಿಗೆ ಬಿತ್ತು ಎಂದ. ಊರು ತಿಂಗಳುಗಟ್ಟಲೆ ನಡೆಯುವಷ್ಟು ದೂರ. ತಂತಿಯಿಲ್ಲ, ಟಪಾಲಿಲ್ಲ. ಅವನು ಬರೆದಿಟ್ಟ. ಜನ ಅವನನ್ನು ಹುಚ್ಚ ಅಂದುಕೊಂಡರು. ಆ ಹೊತ್ತಿನಲ್ಲೇ ದೇವರು ಇನ್ನೊಂದು ಮಾತನ್ನೂ ಹೇಳಿದನಂತೆ, ನಿನ್ನ ಕಣ್ಣಿಗೆ ತಂಪಾದವಳನ್ನು ಕರೆದುಕೊಳ್ಳುತ್ತೇನೆ, ನೀನು ಅಳಕೂಡದು ಎಂದು. ಸಂಜೆಗೆ ಅವನ ಹೆಂಡತಿ ಸತ್ತಳು. ಅವನು ಅಳಲಿಲ್ಲ. ರುಮಾಲು ಸುತ್ತಿಕೊಂಡು, ಕಾಲಿಗೆ ಮೆಟ್ಟು ಹಾಕಿಕೊಂಡು, ಏನೂ ಆಗದವನಂತೆ ಓಡಾಡಿದ. ಎಷ್ಟೋ ಕಾಲದ ಮೇಲೆ ಅಲ್ಲಿಂದ ತಪ್ಪಿಸಿಕೊಂಡು ಬಂದವನೊಬ್ಬ ಊರು ಹಾಳಾಯಿತು ಎಂದು ಹೇಳಿದಾಗ ಎಲ್ಲರಿಗೂ ತಿಳಿಯಿತು. ಮುತ್ತಿಗೆ ಬಿದ್ದ ಆ ದಿನಕ್ಕೆ ಇವರು ಇನ್ನೂ ಊಟ ಬಿಡುತ್ತಿದ್ದರು.

ಕೆಳಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ತಿಥಿ ಬೇರೆಯಾದದ್ದು ಅವರಿಗೆ ಏನೂ ಅನ್ನಿಸಲಿಲ್ಲ. ಪಕ್ಕದ ಮನೆಯ ಆಚಾರ್ಯರದೂ ನಮ್ಮದೂ ಏಕಾದಶಿ ಕೆಲವು ಸಲ ಬೇರೆ ಬೇರೆ ದಿನ ಬೀಳುತ್ತಿತ್ತಲ್ಲ, ಹಾಗೆ ಮಾರ್ಕಪ್ಪನ ಮಠಕ್ಕೂ ಬೇರೆ ಪಂಚಾಂಗ ಇರಬೇಕು ಎಂದು ಸುಮ್ಮನಾದರು. ಅವರನ್ನು ಕೆರಳಿಸಿದ್ದು ಕಥೆಯ ಕೊನೆ. “ಹೆಂಡ್ತಿ ಸತ್ತರೆ ಅಳಬೇಡ ಅನ್ನೋನು ದೇವರಾ? ಅವನಿಗೆ ಹೆಂಡ್ತಿ ಇರಲಿಲ್ಲ ಅಂತ ಕಾಣತ್ತೆ,” ಎಂದರು. ಆದರೂ ಆ ಸಂಜೆ ನಕ್ಷತ್ರ ಕಂಡು ಅವರ ಉಪವಾಸ ಮುಗಿಯುವವರೆಗೆ ಒಲೆಯ ಮೇಲೆ ಒಗ್ಗರಣೆ ಹಾಕಲಿಲ್ಲ. ವಾಸನೆ ಮೇಲಕ್ಕೆ ಹೋಗಿ ಉಪವಾಸದವನ ಹೊಟ್ಟೆ ಉರಿಸಬಾರದು ಎಂದು.

ಮರುವರ್ಷ ಅದೇ ದಿನದ ಹೊತ್ತಿಗೆ ನಮ್ಮ ಮನೆಯ ಸ್ಥಿತಿಯೇ ಬೇರೆಯಾಗಿತ್ತು. ಜಪಾನಿನವರು ಯುದ್ಧಕ್ಕೆ ಇಳಿದು ಕೆಲವೇ ವಾರವಾಗಿತ್ತು. ಸಿಂಗಪುರದ ಕಾಗದ ನಿಂತಿತ್ತು. ಮಾವ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದನ್ನು ಬಿಟ್ಟು ತಮ್ಮಷ್ಟಕ್ಕೆ ಓದಿ ಮಡಿಸಿಡುತ್ತಿದ್ದರು. ಸೀನನ ಊರಿಗೆ ಬಂತಾ ಎಂದು ಅತ್ತೆ ಕೇಳುವರು, ಇಲ್ಲ ಕಣೆ, ಅದು ಇಂಗ್ಲಿಷರ ಕೋಟೆ, ಬರೋಕಾಗಲ್ಲ ಎಂದು ಅವರು ಹೇಳುವರು. ನಾನು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಕೇಳುವ ಹಕ್ಕು ಹೆಂಡತಿಗಿಂತ ತಾಯಿಗೆ ಹೆಚ್ಚು, ನಮ್ಮ ಕಡೆ ಹಾಗೆ.

ಆ ದಶಮಿಯ ದಿನ ಮಧ್ಯಾಹ್ನ ನಾನು ತಾರಸಿಯ ಬಿಸಿಲಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ಚಳಿಗಾಲದ ಬೆಂಗಳೂರಿನಲ್ಲಿ ಎಲ್ಲ ಮನೆಯಲ್ಲೂ ಇದೇ ಕೆಲಸ, ಬೆರಳೆಲ್ಲ ಅದೇ ವಾಸನೆ. ಮಾರ್ಕುಸ್ ತಮ್ಮ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಬೆಳಗಿನಿಂದ ಒಂದು ಹನಿ ನೀರೂ ಕುಡಿದಿರಲಿಲ್ಲ. ತೊಡೆಯ ಮೇಲೆ ಪ್ರಾರ್ಥನೆಯ ಪುಸ್ತಕವಿತ್ತು, ಓದುತ್ತಿರಲಿಲ್ಲ. ಕಣ್ಣು ತೆರೆದೇ ಇತ್ತು. ಅತ್ತೆ ಕೆಳಗೆ ಹಿತ್ತಲಲ್ಲಿ ತುಳಸಿಯ ಹತ್ತಿರ ಏನೋ ಮಾಡುತ್ತಿದ್ದರು. ಮಾವ ಗಾಂಧಿ ಬಜಾರಿಗೆ ಹೋಗಿದ್ದರು.

ಮೊದಲು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. ತಲೆಯೆತ್ತಿ ನೋಡಿದೆ. ಎದುರಿಗೆ ಮಾರ್ಕುಸ್ ಬಿಟ್ಟರೆ ಯಾರೂ ಇಲ್ಲ. ಅವರ ತುಟಿ ಅಲ್ಲಾಡಿತು. ಬಂದದ್ದು ನನ್ನ ಗಂಡನ ದನಿ.

“ಈ ದಿನ ಬರ್ದಿಟ್ಕೋ. ಇವತ್ತಿನ ದಿನಾನೇ. ಅಳ್ಬೇಡ.”

ಇಷ್ಟೇ. ನಾಲಿಗೆ ತೊಡರದ ಕನ್ನಡ, ನಮ್ಮ ಮನೆಯ ಕನ್ನಡ. ಆ ಮೂಗಿನ ಎಳೆತ ಕೂಡ ಹಾಗೇ ಇತ್ತು. ಕೈಯಲ್ಲಿದ್ದ ಕಾಳು ಎಲ್ಲಿ ಬಿತ್ತೋ ಗೊತ್ತಿಲ್ಲ. ಹಗಲು ಬಿಸಿಲು, ಪಕ್ಕದ ಮನೆಯ ತಂತಿಯ ಮೇಲೆ ಒಗೆದ ಬಟ್ಟೆ, ಬೀದಿಯಲ್ಲಿ ಜಟಕಾ ಹೋದ ಸದ್ದು, ಎಲ್ಲ ಎಂದಿನ ಹಾಗೇ ಇದ್ದವು. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅತ್ತೆ ಓಡಿಬಂದರು. ಮಾರ್ಕುಸ್ ಬಂದಂದಿನಿಂದ ಆ ಮೆಟ್ಟಿಲನ್ನು ತುಳಿಯದ ಹೆಂಗಸು, ಮಡಿಸೀರೆಯಲ್ಲೇ ಏದುಸಿರು ಬಿಡುತ್ತಾ ಬಂದು ನಿಂತು, “ಸೀನ ಬಂದನಾ? ಎಲ್ಲಿ?” ಎಂದು ಕೋಣೆಯೊಳಗೆಲ್ಲ ಕಣ್ಣಾಡಿಸಿದರು. ಮಾರ್ಕುಸ್ ಗಾಬರಿಯಿಂದ ಎದ್ದು ನಿಂತರು. ಏನಾಯಿತು, ಯಾರಾದರೂ ಕರೆದಿರಾ ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು. ತಾವು ಮಾತಾಡಿದ್ದೇ ಅವರಿಗೆ ಗೊತ್ತಿರಲಿಲ್ಲ. ಏನೂ ಇಲ್ಲ ಎಂದುಬಿಟ್ಟೆ.

ನನ್ನೊಬ್ಬಳಿಗೇ ಕೇಳಿದ್ದರೆ ತಂದೆಯವರ ಶುಂಠಿ ಕಷಾಯ ಕುಡಿದು ಸುಮ್ಮನಾಗುತ್ತಿದ್ದೆ. ಚಿಂತೆಯಲ್ಲಿದ್ದೆ, ಪ್ರವಾದಿಯ ಕಥೆ ತಲೆಯಲ್ಲಿತ್ತು, ಕಿವಿ ಮೋಸಮಾಡಿತು ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಕೆಳಗಿದ್ದ ಅತ್ತೆಗೂ ಕೇಳಿತ್ತು. ದಿನ ಬರೆದಿಟ್ಟುಕೋ ಎಂದದ್ದು, ಅಳಬೇಡ ಎಂದದ್ದು ಎರಡನ್ನೂ ಅವರು ನಾನು ಹೇಳುವ ಮುಂಚೆ ತಾವೇ ಹೇಳಿದರು. ಕೆಳಗೆ ಇಳಿದು ಹೋಗಿ, ಬರೆಯೇ ಎಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಒಲೆಯಿಂದ ಇದ್ದಿಲು ತೆಗೆದು, ಒರಳುಕಲ್ಲಿನ ಹಿಂದಿನ ಗೋಡೆಯ ಮೇಲೆ ‘ಪುಷ್ಯ ಶುದ್ಧ ದಶಮಿ’ ಎಂದು ಬರೆದೆ. ಮಾವ ಬಂದ ಮೇಲೆ ನೋಡಿ ಇದೇನು ಎಂದರು. ಅತ್ತೆ ಹೇಳಿದರು. ಮಾವ ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತರು.

ಆಮೇಲೆ ಕೆಲವು ದಿನಗಳಲ್ಲಿ ಪತ್ರಿಕೆಯಲ್ಲಿ ಸಿಂಗಪುರದ ಹೆಸರು ದಪ್ಪ ಅಕ್ಷರದಲ್ಲಿ ಬರತೊಡಗಿತು. ಬಾಂಬು ಬೀಳುತ್ತಿದೆ ಎಂದು, ಸುತ್ತುವರಿದಿದ್ದಾರೆ ಎಂದು, ಕೊನೆಗೆ ಕೋಟೆ ಬಿತ್ತು ಎಂದು. ಮಾವ ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದರು. ನಾವು ಕಾದೆವು. ಕಾಯುವುದು ಎಂದರೆ ಏನು ಎಂದು ಕಾದವರಿಗೇ ಗೊತ್ತು, ಅದನ್ನು ಬರೆದು ಪ್ರಯೋಜನವಿಲ್ಲ. ಅತ್ತೆ ಗೋಡೆಗೆ ಸುಣ್ಣ ಹೊಡೆಸಲು ಬಿಡಲಿಲ್ಲ.

ಯುದ್ಧ ಮುಗಿಯಿತು. ಅಲ್ಲಿಂದ ಜನ ಹಡಗಿನಲ್ಲಿ ಮದರಾಸಿಗೆ ಬಂದಿಳಿದರು. ಅದೇ ಕಂಪನಿಯಲ್ಲಿದ್ದ ಮಲ್ಲೇಶ್ವರದ ಒಬ್ಬರು ಬಂದರು, ಮೂಳೆ ಚಕ್ಕಳವಾಗಿ. ಊರಿಗೆ ಬಾಂಬು ಬೀಳತೊಡಗಿದ ಮೇಲೆ ನಿಮ್ಮ ಮಗನನ್ನು ನಾನು ನೋಡಲಿಲ್ಲ, ಯಾರೂ ನೋಡಲಿಲ್ಲ ಎಂದರು. ಮಾವ ಇನ್ನೂ ಕಾಯೋಣ ಎನ್ನುತ್ತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ. ಮಗ ಹಸಿದುಕೊಂಡು ಅಲೆಯುತ್ತಿದ್ದಾನೆ, ಒಂದು ಪಿಂಡ ಹಾಕಿ ಎಂದು ಹಠ ಹಿಡಿದರು. ಮನೆಯ ಪುರೋಹಿತರಾದ ಶಾಸ್ತ್ರಿಗಳು ಬಂದರು. ಕಾಣೆಯಾದವನಿಗೆ ಇಷ್ಟು ವರ್ಷ ಕಾಯಬೇಕು ಎಂಬ ನಿಯಮವಿದೆ, ಆದರೆ ಹೆತ್ತ ತಾಯಿ ದನಿ ಕೇಳಿದ್ದಾಳೆ, ತಿಥಿಯನ್ನು ಅವನೇ ಹೇಳಿ ಬರೆಸಿದ್ದಾನೆ, ಇದಕ್ಕಿಂತ ಪ್ರಮಾಣ ಬೇಕೇ ಎಂದರು. ಅವರು ಕೆಟ್ಟವರಲ್ಲ. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಶ್ರೀರಂಗಪಟ್ಟಣಕ್ಕೆ ಹೋಗಿ ದರ್ಭೆಯ ಗೊಂಬೆ ಮಾಡಿ ಕಾವೇರಿಯ ದಂಡೆಯಲ್ಲಿ ಸುಟ್ಟರು. ನನ್ನ ಬಳೆ ಒಡೆದರು, ಕುಂಕುಮ ಅಳಿಸಿದರು, ತಾಳಿ ತೆಗೆದರು. ಇಪ್ಪತ್ನಾಲ್ಕು ವರ್ಷ ನನಗೆ. ನಾನು ಅಳಲಿಲ್ಲ. ಸುತ್ತ ಕುಳಿತ ಹೆಂಗಸರು ಕಲ್ಲೆದೆ, ಗಂಡನ ಜೊತೆ ಬಾಳ್ವೆ ಮಾಡಿದ್ದರೆ ತಾನೆ ಅಳು ಬರೋದು ಎಂದು ನನಗೆ ಕೇಳುವ ಹಾಗೇ ಮಾತಾಡಿಕೊಂಡರು. ನಾನು ಅವರಿಗೆ ಏನು ಹೇಳಲಿ? ಅಳಬೇಡ ಎಂದು ಯಜಮಾನರೇ ನನಗೆ ಹೇಳಿದ್ದಾರೆ, ಅದೊಂದೇ ಮಾತು ಅವರು ನನಗಾಗಿ ಬಿಟ್ಟುಹೋದದ್ದು ಎಂದು ಹಲ್ಲು ಕಚ್ಚಿ ಕುಳಿತಿದ್ದೆ. ಕೊನೆಯ ಸಾಲಿನ ವಿಚಾರಣೆಗಳ ನಡುವೆ ಅದೊಂದು ಮಾತು ನೇರವಾಗಿ ನನಗೇ ಬಂದಿತ್ತು. ಸಾಯುವ ಹೊತ್ತಿನಲ್ಲಿ ನನ್ನನ್ನು ನೆನೆದರಲ್ಲ ಎಂಬ ಒಂದು ಸಂತೋಷವೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಇತ್ತು.

ಮಗನಿಗೆ ಅನ್ನ ಮುಟ್ಟಿತು ಎಂಬ ನೆಮ್ಮದಿಯಲ್ಲಿ ಅತ್ತೆ ಆರು ತಿಂಗಳಲ್ಲಿ ತೀರಿಕೊಂಡರು. ಮಾವ, ನಾನು, ಮೇಲೆ ಮಾರ್ಕುಸ್, ಮೂವರೇ ಉಳಿದೆವು. ಸ್ವಾತಂತ್ರ್ಯ ಬಂತು, ಬೀದಿಯಲ್ಲಿ ಮಿಠಾಯಿ ಹಂಚಿದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ.

ಮುಂದಿನ ವರ್ಷ ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತೆರೆದರೆ ಕೈಯಲ್ಲಿ ತಗಡಿನ ಪೆಟ್ಟಿಗೆ ಹಿಡಿದು ಯಜಮಾನರು ನಿಂತಿದ್ದರು. ಕೂದಲು ಅರ್ಧ ಹಣ್ಣಾಗಿತ್ತು. ನನ್ನ ಬರಿಹಣೆಯನ್ನು, ಬರಿಗೈಯನ್ನು ನೋಡಿದರು. ಅರ್ಥವಾಗಲಿಲ್ಲ. “ಯಾರು ಹೋದ್ರು?” ಎಂದು ಕೇಳಿದರು.

“ನೀವು,” ಎಂದೆ. ಬೇರೆ ಏನು ಹೇಳಬೇಕಾಗಿತ್ತೋ ಇವತ್ತಿಗೂ ತಿಳಿಯದು.

ಜಪಾನಿನವರು ಕೂಲಿಗೆ ಹಿಡಿದುಕೊಂಡು ಹೋದರಂತೆ, ಸಯಾಮಿನ ಕಾಡಿನಲ್ಲಿ ರೈಲು ಹಾದಿ ಹಾಕಿಸಿದರಂತೆ, ಆಮೇಲೆ ಆಸ್ಪತ್ರೆಯಂತೆ. ಯುದ್ಧ ಮುಗಿದು ಮೂರು ವರ್ಷ ಎಲ್ಲಿದ್ದೆ ಎಂದು ಮಾವ ಒಂದು ಸಲ ಕೇಳಿದರು. ಆಸ್ಪತ್ರೆ ಎಂದರು. ಒಂದು ಕಾಗದ ಹಾಕಬಾರದಾಗಿತ್ತೇ ಎಂದು ಕೇಳಿದ್ದಕ್ಕೆ ಎದ್ದು ಹಿತ್ತಲಿಗೆ ಹೋದರು. ಮಾವ ಮತ್ತೆ ಕೇಳಲಿಲ್ಲ. ಸತ್ತ ಮಗ ಬಂದಿರುವಾಗ ಲೆಕ್ಕ ಕೇಳುವ ತಂದೆ ಯಾರಿದ್ದಾರೆ? ದನಿಯ ವಿಷಯವನ್ನು ನಾನೂ ಹೇಳಲಿಲ್ಲ, ಮಾವನೂ ಹೇಳಲಿಲ್ಲ. ನೀನು ಹೋದೆ ಎಂಬ ಸುದ್ದಿ ಬಂದಿತ್ತು ಎಂದಷ್ಟೇ ತಿಳಿಸಿದರು.

ಉತ್ತರಕ್ರಿಯೆ ಆದವನು ಹಿಂದಿರುಗಿ ಬಂದರೆ ಹಾಗೇ ಮನೆಯೊಳಗೆ ಸೇರಿಸುವಂತಿಲ್ಲ. ಅವನು ಮತ್ತೆ ಹುಟ್ಟಬೇಕು. ಶಾಸ್ತ್ರಿಗಳು ಹಿತ್ತಲಲ್ಲಿ ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ನೀರು ತುಪ್ಪ ಸುರಿದು ಮಂತ್ರ ಹೇಳಿ ಅದರಲ್ಲಿ ಅವರನ್ನು ಮಂಡಿ ಮಡಿಸಿ ಕೂರಿಸಿದರು, ಹೊಟ್ಟೆಯೊಳಗಿನ ಮಗು ಕೂರುವ ಹಾಗೆ. ಆಮೇಲೆ ಎತ್ತಿ, ಜಾತಕರ್ಮ, ನಾಮಕರಣ, ಚೌಲ, ಮುಂಜಿ ಒಂದಾದ ಮೇಲೊಂದು ಮಾಡಿದರು. ಕೊನೆಯಲ್ಲಿ ಅದೇ ಗಂಡನಿಗೆ ನನ್ನನ್ನು ಮತ್ತೆ ಧಾರೆಯೆರೆದರು. ತಿಥಿಯ ವಡೆ ತಿಂದವರೇ ಬಂದು ಮದುವೆಯ ಹೋಳಿಗೆ ತಿಂದರು. ಮನೆಗೆ ಸುಣ್ಣ ಹೊಡೆಸಿದರು, ಗೋಡೆಯ ಮೇಲಿನ ದಶಮಿ ಹೋಯಿತು. ಎಲ್ಲರೂ ನನ್ನ ಭಾಗ್ಯ ದೊಡ್ಡದು ಎಂದರು. ಯಜಮಾನರು ಎಲ್ಲಕ್ಕೂ ತಲೆಬಾಗಿ ಹೇಳಿದಂತೆ ಮಾಡಿದರು. ರಾತ್ರಿ ಜಗಲಿಯಲ್ಲಿ ಹಾಸಿಗೆ ಹಾಸಿಕೊಂಡರು. ಒಳಗೆ ಸೆಕೆ ಎಂದರು. ಆ ಸೆಕೆ ಎಷ್ಟೋ ವರ್ಷ ಇಳಿಯಲಿಲ್ಲ.

ಮಾರ್ಕುಸ್‌ಗೆ ಮಾತ್ರ ನಾನು ಎಲ್ಲವನ್ನೂ ಹೇಳಬೇಕಾಯಿತು. ಯಜಮಾನರು ಬಂದ ಮೇಲೆ ಅವರೇ ಕೇಳಿದರು, ಯಾವ ಆಧಾರದ ಮೇಲೆ ಈತ ಸತ್ತನೆಂದು ನಂಬಿದಿರಿ ಎಂದು. ನಾನು ಹೇಳಿದೆ. ಎಂದೂ ದನಿ ಎತ್ತರಿಸದ ಮನುಷ್ಯ ಅವತ್ತು ಕೂಗಾಡಿಬಿಟ್ಟರು. ಬದುಕಿದ್ದವನ ಮಾತನ್ನು ಸತ್ತವನ ಮಾತೆಂದು ನನ್ನ ಬಾಯಿಂದ ಯಾರು ಆಡಿಸಿದರು, ಎರವಲು ಪಡೆಯಲು ಲೋಕದಲ್ಲಿ ಬೇರೆ ಬಾಯಿ ಇರಲಿಲ್ಲವೇ, ನನ್ನ ಗ್ರೇಟೆಯ ಒಂದು ಮಾತನ್ನು ಅದೇ ಬಾಯಿಂದ ಯಾಕೆ ಆಡಿಸಲಿಲ್ಲ ಎಂದರು. ಆಮೇಲೆ ಬೇರೆ ದೇಶಕ್ಕೆ ಹೋಗುವ ಹಾದಿಯಲ್ಲಿ ಅವರ ನೆಂಟಳೊಬ್ಬಳು ಮುಂಬಯಿಯಲ್ಲಿ ಇಳಿದಾಗ ಹೋಗಿ ನೋಡಿ ಬಂದರು. ಗ್ರೇಟೆಯನ್ನೂ ಅವಳ ತಾಯಿಯನ್ನೂ ಮನೆಯಿಂದ ರೈಲಿಗೆ ಸಾಗಿಸಿದ್ದು ನಮಗೆ ಆ ದನಿ ಕೇಳಿದ ಚಳಿಗಾಲದಲ್ಲೇ ಅಂತೆ. ಯಾವ ದಿನ, ಎಲ್ಲಿ, ಯಾರಿಗೂ ತಿಳಿಯದು. ಹಾಗೆ ದಿನ ಗೊತ್ತಿಲ್ಲದೆ ಹೋದವರು ಲಕ್ಷಗಟ್ಟಲೆ ಇದ್ದಾರೆಂದು, ಅವರಿಗೆಲ್ಲ ಆ ಉಪವಾಸದ ದಿನವನ್ನೇ ಸ್ಮರಣೆಯ ದಿನ ಎಂದು ಅವರ ಹಿರಿಯರು ಗೊತ್ತುಮಾಡಿದರಂತೆ. ಅದನ್ನು ಮೆಟ್ಟಿಲ ಮೇಲೆ ನಿಂತು ನನಗೆ ಹೇಳುವಾಗಲೂ ಅವರ ಕಣ್ಣಲ್ಲಿ ನೀರು ಬರಲಿಲ್ಲ. ನಮ್ಮಲ್ಲೂ ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆ ಎಂದೆ. ಒಳ್ಳೆಯದು ಎಂದು ಮೇಲೆ ಹೋದರು.

ಕೆಲವು ವರ್ಷಗಳ ಮೇಲೆ ಮಾವ ಹೋದರು, ಅದರ ಹಿಂದೆಯೇ ಮಾರ್ಕುಸ್ ಹಾಸಿಗೆ ಹಿಡಿದರು. ಯಜಮಾನರು ಮೇಲೆ ಹೋಗಿ ಗಂಜಿ ಕುಡಿಸಿ ಬರುತ್ತಿದ್ದರು. ಇಬ್ಬರೂ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಹೆಚ್ಚು ಮಾತಾಡಿದವರಲ್ಲ. ಮಾರ್ಕುಸ್ ತೀರಿಕೊಂಡ ದಿನ ಮೈಸೂರು ರಸ್ತೆಯಲ್ಲಿ ಅವರ ಜನರದೇ ಒಂದು ಸಣ್ಣ ಸ್ಮಶಾನವಿದೆಯಲ್ಲ, ಅಲ್ಲಿಗೆ ಒಯ್ದರು. ಪ್ರಾರ್ಥನೆಗೆ ಹತ್ತು ಜನ ಗಂಡಸರು ಬೇಕಂತೆ, ಅವರ ಪೈಕಿ ಅಷ್ಟು ಜನ ಸಿಗಲಿಲ್ಲವಂತೆ. ಯಜಮಾನರು ಸುಮ್ಮನೆ ಒಂದು ಕಡೆ ನಿಂತು ಮಣ್ಣು ಹಾಕಿ ಬಂದರು.

ಹಿಂತಿರುಗಿದವರು ಒಳಗೆ ಬರದೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತರು. ನಾನು ಬಿಸಿನೀರು ತೋಡಿ ಇಟ್ಟೆ. ಒಂದು ಚೊಂಬು ಹಾಕುವಷ್ಟರಲ್ಲಿ ಕೈಯಡ್ಡ ಹಿಡಿದು ನಿಲ್ಲಿಸಿ ಕೇಳಿದರು, ಆ ಮನುಷ್ಯ ಮೊನ್ನೆ ನನ್ನ ಎರಡೂ ಕೈ ಹಿಡಿದುಕೊಂಡು ಕ್ಷಮಿಸು ಎಂದ, ಯಾವುದಕ್ಕೆ ಎಂದು.

ಇನ್ನು ಮುಚ್ಚಿಟ್ಟು ಏನಾಗಬೇಕು ಅನ್ನಿಸಿತು. ಅಲ್ಲೇ ನಿಂತು ಎಲ್ಲ ಹೇಳಿದೆ. ದಶಮಿಯ ಮಧ್ಯಾಹ್ನ, ಅವರ ದನಿ, ಅತ್ತೆ ಓಡಿಬಂದದ್ದು. ಆ ಮೂರು ಮಾತುಗಳನ್ನು ಕೇಳಿದ ಹಾಗೇ ಹೇಳಿದೆ. ಬೆನ್ನ ಮೇಲಿನ ನೀರು ಆರಿಹೋಯಿತು.

“ಆ ಮಾತು ನಾನು ಆಡಿದ್ದೇ,” ಎಂದರು. “ಅಲ್ಲಿ, ಬಾಂಬು ಬೀಳೋಕೆ ಶುರುವಾದ ದಿನಗಳಲ್ಲಿ. ಹೀಗೇ ಆಡಿದ್ದೆ. ನಿನಗಲ್ಲ.”

ಯಾರಿಗೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ನೀರು ಹಾಕು ಎಂದರು, ಹಾಕಿದೆ. ಅದಾದ ಮೇಲೆ ಎಷ್ಟೋ ವರ್ಷ ಬದುಕಿದ್ದರು, ಆ ವಿಷಯ ಮತ್ತೆ ಬರಲಿಲ್ಲ. ಸಿಂಗಪುರದಿಂದ ಯಾರೂ ಯಾವ ಹಕ್ಕನ್ನೂ ಕೇಳಿಕೊಂಡು ಬರಲಿಲ್ಲ. ಕನ್ನಡದಲ್ಲಿ ಹೇಳಿದ್ದಾರೆ ಎಂದರೆ ಕನ್ನಡ ತಿಳಿದವರೇ ಇರಬೇಕು. ಬರೆದಿಟ್ಟುಕೋ ಎಂದರೆ ಯಾತಕ್ಕೆ ಬರೆದಿಡಬೇಕಾಗಿತ್ತು, ಅವತ್ತು ಅಲ್ಲಿ ಯಾರು ಸತ್ತರು, ಅಥವಾ ಯಾರು ಹುಟ್ಟಿದರು, ನಾನು ಎಲ್ಲ ಬಗೆಯಲ್ಲೂ ಯೋಚಿಸಿ ನೋಡಿದ್ದೇನೆ.

ಅದಾದರೂ ಮನುಷ್ಯರ ಸಂಗತಿ, ಊಹಿಸಬಹುದು. ಸಮುದ್ರದಾಚೆ ಯಾರಿಗೋ ಆಡಿದ ಮಾತು ಶಂಕರಪುರದ ತಾರಸಿಗೆ ಬಂದದ್ದು ಹೇಗೆ, ತನ್ನ ಹೆಂಡತಿಯ ಸುದ್ದಿಗಾಗಿ ಬಾಯಿ ಒಣಗಿಸಿಕೊಂಡು ಕುಳಿತವನ ನಾಲಿಗೆಯ ಮೇಲೆ ಅದು ಕೂತದ್ದು ಯಾಕೆ, ಇದಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ದೇವರನ್ನು ನಂಬುವವರು ದೇವರು ಎನ್ನಲಿ. ಅಂಥ ಅಜಾಗರೂಕ ದೇವರನ್ನು ನಾನು ನಂಬಲಾರೆ. ಕಿವಿಯ ಭ್ರಮೆ ಎನ್ನುವವರು ಹಾಗೆನ್ನಲಿ. ಭ್ರಮೆಯಾಗಿದ್ದರೆ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಅವರು ಒಪ್ಪಿಕೊಂಡದ್ದು ಯಾವುದನ್ನು?

ಅವರು ಅಳಬೇಡ ಅಂದದ್ದು ಯಾರಿಗೋ. ಅಳದೆ ಉಳಿದವಳು ನಾನು.